ಗಣಿನಾಡಿನ ಬೀಗದಕೈ ಹಿಡಿದಿದ್ದ ಮೊಬುಟು

ಝೈರ್ ದೇಶದ ದೂರದರ್ಶನದಲ್ಲಿ ಸಂಜೆಯ ವಾರ್ತೆ ಆರಂಭವಾಗುವ ಮುನ್ನ ಪರದೆಯ ಮೇಲೆ ಮೋಡಗಳು ಕಾಣಿಸುತ್ತಿದ್ದವು. ಆ ಮೋಡಗಳ ನಡುವಿನಿಂದ ಚಿರತೆ ಚರ್ಮದ ಟೋಪಿ ಧರಿಸಿದ, ದಪ್ಪ ಚೌಕಟ್ಟಿನ ಕನ್ನಡಕದ ಮುಖವೊಂದು ದೇವರು ಅವತರಿಸುವಂತೆ ಇಳಿದು ಬರುತ್ತಿತ್ತು. ಅದು ಮೊಬುಟು ಸೆಸೆ ಸೆಕೊ. 1965ರಿಂದ 1997ರವರೆಗೆ, ಸುಮಾರು 32 ವರ್ಷಗಳ ಕಾಲ, ಆಫ್ರಿಕ ಖಂಡದ ನಡುಭಾಗದಲ್ಲಿರುವ ಕಾಂಗೋ ದೇಶ ಈ ಒಬ್ಬ ವ್ಯಕ್ತಿಯ ಅಧೀನದಲ್ಲಿತ್ತು. ತಾಮ್ರ, ಕೋಬಾಲ್ಟ್, ವಜ್ರ, ಚಿನ್ನ, ಯುರೇನಿಯಂ ಎಲ್ಲವೂ ನೆಲದಡಿಯಲ್ಲಿದ್ದ ದೇಶವದು. ಮೊಬುಟು ಪದವಿ ಬಿಟ್ಟು ಓಡಿಹೋದ ದಿನ ಅದರ ತಲೆಯ ಮೇಲೆ 1,200 ಕೋಟಿ ಡಾಲರ್‌ಗೂ ಮೀರಿದ ವಿದೇಶಿ ಸಾಲವಿತ್ತು. ಶಿಕ್ಷಕರಿಗೂ ದಾದಿಯರಿಗೂ ಸಂಬಳವಿರಲಿಲ್ಲ. ಹೆದ್ದಾರಿಗಳು ಕಾಡಿನ ಪಾಲಾಗಿದ್ದವು.

ಈ ದುರಂತದ ಹೊಣೆಯನ್ನು ಒಬ್ಬನ ತಲೆಗೆ ಕಟ್ಟುವುದು ಸುಲಭ. ಎಲ್ಲವೂ ಬಿಳಿಯರ ಸಂಚು ಎಂದು ಹೇಳಿ ಕೈತೊಳೆದುಕೊಳ್ಳುವುದು ಇನ್ನೂ ಸುಲಭ. ಮೊಬುಟುವಿನ ಜೀವನವನ್ನು ಮೊದಲಿನಿಂದ ಅವಲೋಕಿಸಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ಪರದೇಶದವರು ಆತನನ್ನು ಗದ್ದುಗೆಗೆ ಏರಿಸಿದ್ದು ನಿಜ. ಏರಿದ ಮೇಲೆ ಆ ಗದ್ದುಗೆಗೆ ಬೆಲೆ ಕಟ್ಟಿ ಅವರಿಗೇ ಮಾರುವ ವಿದ್ಯೆಯನ್ನು ಆತ ಕರಗತ ಮಾಡಿಕೊಂಡದ್ದೂ ಅಷ್ಟೇ ನಿಜ.

ಕಾಂಗೋದ ಲೂಟಿ ಮೊಬುಟುವಿನಿಂದ ಆರಂಭವಾದದ್ದಲ್ಲ. 1885ರಲ್ಲಿ ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡ್, ಯುರೋಪಿನ ಇತರ ರಾಷ್ಟ್ರಗಳ ಸಮ್ಮತಿಯೊಂದಿಗೆ ಈ ವಿಶಾಲ ಭೂಭಾಗವನ್ನು ತನ್ನ ಖಾಸಗಿ ಆಸ್ತಿಯನ್ನಾಗಿ ಮಾಡಿಕೊಂಡ. ಆನೆಯ ದಂತಕ್ಕಾಗಿ, ನಂತರ ಕಾಡು ರಬ್ಬರಿಗಾಗಿ ಹಳ್ಳಿಗಳನ್ನು ಸುಡಲಾಯಿತು. ನಿಗದಿಪಡಿಸಿದಷ್ಟು ರಬ್ಬರ್ ತಾರದವರ ಊರುಗಳಲ್ಲಿ ಮುಂಗೈ ಕಡಿಯುವ ಕ್ರೌರ್ಯ ನಡೆಯಿತು. ಜಗತ್ತಿನಾದ್ಯಂತ ಛೀಮಾರಿ ಕೇಳಿಬಂದ ಮೇಲೆ 1908ರಲ್ಲಿ ಬೆಲ್ಜಿಯಂ ಸರ್ಕಾರವೇ ಆಡಳಿತವನ್ನು ವಹಿಸಿಕೊಂಡಿತು. ಅಷ್ಟರಲ್ಲಿ ದಕ್ಷಿಣದ ಕಟಾಂಗ ಪ್ರಾಂತದಲ್ಲಿ ತಾಮ್ರದ ಅಪಾರ ನಿಕ್ಷೇಪ ಪತ್ತೆಯಾಗಿ, 1906ರಲ್ಲಿ ಯೂನಿಯನ್ ಮಿನಿಯೇರ್ ಎಂಬ ಗಣಿ ಕಂಪನಿ ಜನ್ಮ ತಾಳಿತ್ತು. ಎರಡನೇ ಮಹಾಯುದ್ಧದಲ್ಲಿ ಹಿರೋಶಿಮಾವನ್ನು ಸುಟ್ಟ ಬಾಂಬಿನ ಯುರೇನಿಯಂನ ಬಹುಪಾಲು ಬಂದದ್ದು ಇದೇ ಕಟಾಂಗದ ಶಿಂಕೊಲೊಬ್ವೆ ಗಣಿಯಿಂದ. ಅಮೆರಿಕ ಈ ನಾಡಿನ ಮೇಲೆ ಕಣ್ಣಿಡಲು ಅದೂ ಒಂದು ಕಾರಣವಾಯಿತು.

ಇಂಥ ನಾಡಿನಲ್ಲಿ, ಕಾಂಗೋ ನದಿಯ ದಡದ ಲಿಸಾಲಾ ಪಟ್ಟಣದಲ್ಲಿ 1930ರ ಅಕ್ಟೋಬರ್ 14ರಂದು ಜೋಸೆಫ್ ದೆಸಿರೆ ಮೊಬುಟು ಜನಿಸಿದ. ತಂದೆ ಆಲ್ಬೆರಿಕ್ ಬೆಲ್ಜಿಯಂನ ನ್ಯಾಯಾಧೀಶರೊಬ್ಬರ ಮನೆಯಲ್ಲಿ ಅಡುಗೆಯವರು. ನ್ಗಬಂಡಿ ಎಂಬ ಸಣ್ಣ ಬುಡಕಟ್ಟಿಗೆ ಸೇರಿದ ಕುಟುಂಬ. ಬಾಲಕನಿಗೆ ಎಂಟು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ನ್ಯಾಯಾಧೀಶರ ಪತ್ನಿ ಹುಡುಗನನ್ನು ಅಕ್ಕರೆಯಿಂದ ಕಂಡು ಫ್ರೆಂಚ್ ಓದಲು ಬರೆಯಲು ಕಲಿಸಿದರು. ಬಿಳಿಯರ ಮನೆಯೊಳಗಿನ ಮಾತು, ನಡವಳಿಕೆ ಆತನಿಗೆ ಬಾಲ್ಯದಲ್ಲಿಯೇ ಪರಿಚಯವಾದದ್ದು ಹೀಗೆ. ಮುಂದೆ ಅಧ್ಯಕ್ಷನಾಗಿ ಅವರೊಡನೆ ವ್ಯವಹರಿಸುವಾಗ ಈ ಪರಿಚಯ ಬಹಳ ಉಪಯೋಗಕ್ಕೆ ಬಂದಿತು.

ಮಿಷನ್ ಶಾಲೆಯಲ್ಲಿ ಮೊಬುಟು ಚುರುಕು ವಿದ್ಯಾರ್ಥಿ, ಆದರೆ ತುಂಟ. 1949ರಲ್ಲಿ ಶಾಲೆಯಿಂದ ತಪ್ಪಿಸಿಕೊಂಡು ಹಡಗು ಹತ್ತಿ ರಾಜಧಾನಿ ಲಿಯೊಪೋಲ್ಡ್‌ವಿಲ್‌ಗೆ ಹೋದ. ಪಾದ್ರಿಗಳು ಕೆಲವು ವಾರಗಳ ನಂತರ ಹುಡುಗನನ್ನು ಪತ್ತೆ ಹಚ್ಚಿದರು. ಅಂದಿನ ಪದ್ಧತಿಯಂತೆ ಶಿಕ್ಷೆಯ ರೂಪದಲ್ಲಿ ಏಳು ವರ್ಷ ವಸಾಹತು ಸೇನೆಗೆ ದೂಡಲಾಯಿತು. ಶಿಕ್ಷೆ ವರವಾಯಿತು. ಸೇನೆಯಲ್ಲಿ ಬೆರಳಚ್ಚು, ಗುಮಾಸ್ತೆ ಕೆಲಸ ಕಲಿತ. ಅಧಿಕಾರಿಗಳಿಂದ ಪುಸ್ತಕ, ಪತ್ರಿಕೆಗಳನ್ನು ಎರವಲು ತಂದು ಓದಿದ. ಕರಿಯರಿಗೆ ತೆರೆದಿದ್ದ ಮೇಲಿನ ಹುದ್ದೆಯಾದ ಸಾರ್ಜೆಂಟ್ ಪದವಿಗೇರಿದ. ಅಲ್ಲಿಂದ ಹೊರಬಂದು ಪತ್ರಕರ್ತನಾದ. 1950ರ ದಶಕದ ಕೊನೆಯಲ್ಲಿ ಲಿಯೊಪೋಲ್ಡ್‌ವಿಲ್‌ನ ಪತ್ರಿಕಾ ಕಚೇರಿಗಳಲ್ಲಿ ಆತನ ಗೆಳೆತನ ಬೆಳೆದದ್ದು ಅಂಚೆ ಇಲಾಖೆಯ ಮಾಜಿ ಗುಮಾಸ್ತ, ಉಜ್ವಲ ಭಾಷಣಕಾರ ಪ್ಯಾಟ್ರಿಸ್ ಲುಮುಂಬಾ ಅವರೊಂದಿಗೆ. ಲುಮುಂಬಾ ಅವರ ಪಕ್ಷಕ್ಕೆ ಮೊಬುಟು ಸೇರಿದ. 1960ರ ಆರಂಭದಲ್ಲಿ ಸ್ವಾತಂತ್ರ್ಯದ ಮಾತುಕತೆಗಾಗಿ ಬ್ರಸೆಲ್ಸ್‌ನಲ್ಲಿ ಸಮ್ಮೇಳನ ನಡೆದಾಗ ಆತ ಅಲ್ಲಿದ್ದ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಲ್ಯಾರಿ ಡೆವ್ಲಿನ್ ಕಣ್ಣಿಗೆ ಈ ತೆಳ್ಳನೆಯ, ಮಿತಭಾಷಿ ಯುವಕ ಬಿದ್ದದ್ದೂ ಅಲ್ಲಿಯೇ.

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಜೋಸೆಫ್ ಕಸಾವುಬು ಅಧ್ಯಕ್ಷರು, ಲುಮುಂಬಾ ಪ್ರಧಾನಿ. ಬೆಲ್ಜಿಯಂ ಬಿಟ್ಟುಹೋದ ದೇಶದಲ್ಲಿ ವಿಶ್ವವಿದ್ಯಾಲಯದ ಪದವೀಧರರನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದಿತ್ತು. ಸೇನೆಯಲ್ಲಿ ಒಬ್ಬನೇ ಒಬ್ಬ ಕಾಂಗೋ ಮೂಲದ ಅಧಿಕಾರಿ ಇರಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಹೇಗೋ ನಂತರವೂ ಹಾಗೆಯೇ ಎಂಬರ್ಥದ ಸೂತ್ರವನ್ನು ಬೆಲ್ಜಿಯಂನ ದಂಡನಾಯಕ ಸೈನಿಕರ ಮುಂದೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ. ಸೈನಿಕರು ದಂಗೆ ಎದ್ದರು. ದಂಗೆ ತಣಿಸಲು ಲುಮುಂಬಾ ಸರ್ಕಾರ ಆಫ್ರಿಕನ್ನರನ್ನೇ ಅಧಿಕಾರಿಗಳನ್ನಾಗಿ ಮಾಡಿತು; ಮೊಬುಟು ಕರ್ನಲ್ ಪದವಿಯೊಂದಿಗೆ ಸೇನೆಯ ಮುಖ್ಯಾಧಿಕಾರಿಯಾದ. ಆಗ ಆತನಿಗೆ 30 ವರ್ಷವೂ ತುಂಬಿರಲಿಲ್ಲ.

ಜುಲೈ 11ರಂದು ಕಟಾಂಗ ಪ್ರಾಂತ ಮೋಯ್ಸ್ ಷೋಂಬೆ ನಾಯಕತ್ವದಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು. ಅದರ ಬೆನ್ನಿಗೆ ಬೆಲ್ಜಿಯಂ ಸೇನೆ ನಿಂತಿತು. ಯೂನಿಯನ್ ಮಿನಿಯೇರ್ ಕೇಂದ್ರ ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯನ್ನು ಷೋಂಬೆಯ ಬೊಕ್ಕಸಕ್ಕೆ ಕಟ್ಟಿತು. ಆಗಸ್ಟ್‌ನಲ್ಲಿ ವಜ್ರದ ಗಣಿಗಳಿರುವ ದಕ್ಷಿಣ ಕಸಾಯಿ ಕೂಡ ಸಿಡಿದುಹೋಯಿತು. ಹೊಸ ದೇಶದ ಕೈಯಲ್ಲಿ ಬಾವುಟವೊಂದೇ ಉಳಿಯಿತು, ಗಣಿಗಳು ಜಾರಿದವು. ವಿಶ್ವಸಂಸ್ಥೆಯ ಸೇನೆ ಬಂದಿತಾದರೂ ಕಟಾಂಗವನ್ನು ಮರಳಿ ತರಲು ಮನಸ್ಸು ಮಾಡಲಿಲ್ಲ. ಹತಾಶರಾದ ಲುಮುಂಬಾ ಸೋವಿಯತ್ ಒಕ್ಕೂಟದ ನೆರವು ಕೇಳಿದರು. ಶೀತಲ ಸಮರದ ಆ ದಿನಗಳಲ್ಲಿ ಅಷ್ಟು ಸಾಕಾಯಿತು. ಲುಮುಂಬಾ ಅವರಿಗೆ ವಿಷವಿಕ್ಕುವ ಯೋಜನೆ ಸಿಐಎಯಲ್ಲಿ ಸಿದ್ಧವಾಗಿತ್ತೆಂಬುದನ್ನು 1975ರಲ್ಲಿ ಅಮೆರಿಕ ಸೆನೆಟ್‌ನ ಸಮಿತಿಯೇ ಬಹಿರಂಗಪಡಿಸಿತು.

ಸೆಪ್ಟೆಂಬರ್ 5ರಂದು ಅಧ್ಯಕ್ಷ ಕಸಾವುಬು ಪ್ರಧಾನಿಯನ್ನು ವಜಾ ಮಾಡಿದರು. ಪ್ರಧಾನಿ ಅಧ್ಯಕ್ಷರನ್ನು ವಜಾ ಮಾಡಿದರು. ಸೆಪ್ಟೆಂಬರ್ 14ರಂದು ಮೊಬುಟು ಇಬ್ಬರನ್ನೂ ಬದಿಗೆ ಸರಿಸಿರುವುದಾಗಿ ಪ್ರಕಟಿಸಿದ. ಇದರ ಹಿಂದೆ ತನ್ನ ಪ್ರೋತ್ಸಾಹವಿತ್ತೆಂಬುದನ್ನು ಡೆವ್ಲಿನ್ ದಶಕಗಳ ನಂತರ ಆತ್ಮಕಥನದಲ್ಲಿ ಒಪ್ಪಿಕೊಂಡ. ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಆಗ ಕಾಂಗೋದಲ್ಲಿದ್ದವರು ಭಾರತದ ರಾಜತಾಂತ್ರಿಕ ರಾಜೇಶ್ವರ ದಯಾಳ್. ಮೊಬುಟುವಿನ ಅಧಿಕಾರಗ್ರಹಣಕ್ಕೆ ಮಾನ್ಯತೆ ಕೊಡಲು ನಿರಾಕರಿಸಿದ ಅವರು ಪಾಶ್ಚಾತ್ಯ ರಾಷ್ಟ್ರಗಳ ಕೆಂಗಣ್ಣಿಗೆ ಗುರಿಯಾಗಿ 1961ರ ಮೇ ತಿಂಗಳಲ್ಲಿ ಆ ಹೊಣೆಯಿಂದ ಮುಕ್ತರಾಗಬೇಕಾಯಿತು.

ಗೃಹಬಂಧನದಿಂದ ತಪ್ಪಿಸಿಕೊಂಡ ಲುಮುಂಬಾ ಅವರನ್ನು ಡಿಸೆಂಬರ್ ಆರಂಭದಲ್ಲಿ ಮೊಬುಟುವಿನ ಸೈನಿಕರು ಸೆರೆಹಿಡಿದರು. ಕೈಕಟ್ಟಿ ಕರೆತಂದ ಗೆಳೆಯನನ್ನು ಸೈನಿಕರು ಹೊಡೆಯುತ್ತಿದ್ದುದನ್ನು ಮೊಬುಟು ನಿಂತು ನೋಡಿದ. 1961ರ ಜನವರಿ 17ರಂದು ಲುಮುಂಬಾ ಅವರನ್ನು ಇಬ್ಬರು ಸಂಗಡಿಗರೊಂದಿಗೆ ವಿಮಾನದಲ್ಲಿ ಕಟಾಂಗಕ್ಕೆ, ಅಂದರೆ ಬದ್ಧವೈರಿಗಳ ಕೈಗೆ ಸಾಗಿಸಲಾಯಿತು. ಅಂದು ರಾತ್ರಿಯೇ ಬೆಲ್ಜಿಯಂ ಅಧಿಕಾರಿಗಳ ಸಮಕ್ಷಮದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು; ದೇಹಗಳನ್ನು ಆಮ್ಲದಲ್ಲಿ ಕರಗಿಸಲಾಯಿತು. ಬೆಲ್ಜಿಯಂ 2002ರಲ್ಲಿ ಕ್ಷಮೆ ಕೋರಿತು. ಬೆಲ್ಜಿಯಂ ಪೊಲೀಸನೊಬ್ಬ ಇಟ್ಟುಕೊಂಡಿದ್ದ ಒಂದು ಹಲ್ಲನ್ನು 2022ರ ಜೂನ್‌ನಲ್ಲಿ ಕುಟುಂಬಕ್ಕೆ ಹಿಂದಿರುಗಿಸಲಾಯಿತು.

ಕಟಾಂಗದ ಪ್ರತ್ಯೇಕತೆ ಕೊನೆಗೊಂಡದ್ದು 1963ರ ಜನವರಿಯಲ್ಲಿ, ವಿಶ್ವಸಂಸ್ಥೆಯ ಸೇನೆಯ ಬಲಪ್ರಯೋಗದಿಂದ. ಆ ಸೇನೆಯಲ್ಲಿ ಭಾರತದ ಪಡೆಯ ಪಾಲು ದೊಡ್ಡದು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಹೋರಾಡುತ್ತ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಒಂದು ದೇಶದ ಗಣಿಗಳು ಆ ದೇಶದ್ದಾಗಿಯೇ ಉಳಿಯಲೆಂದು ನಡೆದ ಹೋರಾಟವದು. ಉಳಿದ ಗಣಿಗಳ ಗತಿಯೇನಾಯಿತು ಎಂಬುದು ಬೇರೆ ಮಾತು.

ಮೊಬುಟು ಅಧಿಕಾರವನ್ನು ಕೆಲಕಾಲ ರಾಜಕಾರಣಿಗಳಿಗೆ ಮರಳಿಸಿ ಸೇನೆಯನ್ನು ಗಟ್ಟಿಮಾಡಿಕೊಂಡ. 1963ರಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ಕೆನಡಿಯವರ ಆತಿಥ್ಯ ದೊರಕಿತು. ಪೂರ್ವದಲ್ಲಿ ಲುಮುಂಬಾ ಅನುಯಾಯಿಗಳು ಬಂಡೆದ್ದಾಗ ಕೂಲಿ ಸೈನಿಕರು, ಅಮೆರಿಕದ ವಿಮಾನಗಳು, ಬೆಲ್ಜಿಯಂನ ಕಮಾಂಡೊಗಳು ಸೇರಿ ಅದನ್ನು ಹತ್ತಿಕ್ಕಿದರು. 1965ರ ನವೆಂಬರ್ 25ರಂದು ಮೊಬುಟು ಎರಡನೆಯ ಬಾರಿ, ಈ ಸಲ ತನಗಾಗಿಯೇ, ಅಧಿಕಾರ ಕಸಿದುಕೊಂಡ. ಐದು ವರ್ಷ ಸಾಕು, ದೇಶವನ್ನು ಸರಿಪಡಿಸಿ ಹೋಗುತ್ತೇನೆ ಎಂಬುದು ಆತನ ವಾಗ್ದಾನವಾಗಿತ್ತು.

ಮರುವರ್ಷ ಜೂನ್‌ನಲ್ಲಿ ಮಾಜಿ ಪ್ರಧಾನಿ ಎವರಿಸ್ಟ್ ಕಿಂಬಾ ಹಾಗೂ ಮೂವರು ಮಾಜಿ ಸಚಿವರನ್ನು ಸಂಚಿನ ಆರೋಪದ ಮೇಲೆ ಸಾರ್ವಜನಿಕವಾಗಿ, ಸಾವಿರಾರು ಜನರ ಎದುರು ಗಲ್ಲಿಗೇರಿಸಲಾಯಿತು. 1968ರಲ್ಲಿ ಬಂಡಾಯಗಾರ ನಾಯಕ ಪಿಯರ್ ಮುಲೆಲೆಗೆ ಕ್ಷಮಾದಾನದ ಭರವಸೆ ಕೊಟ್ಟು ಕರೆಸಿ ಚಿತ್ರಹಿಂಸೆಯಿಂದ ಕೊಲ್ಲಲಾಯಿತು. ಇಷ್ಟಾದ ಮೇಲೆ ಮೊಬುಟುವಿಗೆ ಕೊಲ್ಲುವ ಅಗತ್ಯ ಹೆಚ್ಚಾಗಿ ಬೀಳಲಿಲ್ಲ. ಕೊಳ್ಳುವುದು ಅದಕ್ಕಿಂತ ಅಗ್ಗ ಎಂಬುದನ್ನು ಆತ ಕಂಡುಕೊಂಡಿದ್ದ.

ಆರಂಭದ ವರ್ಷಗಳಲ್ಲಿ ಮೊಬುಟು ಜನಪ್ರಿಯನೂ ಆಗಿದ್ದನೆಂಬುದನ್ನು ಮರೆಯಬಾರದು. ಅಂತಃಕಲಹದಿಂದ ಬಸವಳಿದ ಜನ ಶಾಂತಿ ಬಯಸಿದ್ದರು. ಲಿಯೊಪೋಲ್ಡ್‌ವಿಲ್ ಕಿನ್ಶಾಸಾ ಆಯಿತು, ಎಲಿಜಬೆತ್‌ವಿಲ್ ಲುಬುಂಬಾಶಿಯಾಯಿತು. 1971ರ ಅಕ್ಟೋಬರ್‌ನಲ್ಲಿ ದೇಶಕ್ಕೂ ನದಿಗೂ ಝೈರ್ ಎಂದು ಹೆಸರಿಡಲಾಯಿತು. ಕ್ರೈಸ್ತ ಹೆಸರುಗಳನ್ನು ತೊರೆಯಬೇಕೆಂಬ ಆಜ್ಞೆ ಹೊರಟಿತು. ಅಧ್ಯಕ್ಷನೇ ಜೋಸೆಫ್ ದೆಸಿರೆಯನ್ನು ಬಿಟ್ಟು ಮೊಬುಟು ಸೆಸೆ ಸೆಕೊ ಕುಕು ನ್ಗಬೆಂಡು ವಾ ಝಾ ಬಂಗಾ ಎಂಬ ಉದ್ದನೆಯ ಹೆಸರು ಧರಿಸಿದ. ಕೋಟು ಟೈ ನಿಷಿದ್ಧವಾಗಿ ಅಬಕೋಸ್ಟ್ ಎಂಬ ಮುಚ್ಚುಕಾಲರಿನ ಅಂಗಿ ಬಂದಿತು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವೆ ಮುಷ್ಟಿಯುದ್ಧ ನಡೆಯಿತು. ತಲಾ 50 ಲಕ್ಷ ಡಾಲರ್ ಸಂಭಾವನೆಗೆ ಝೈರ್ ಸರ್ಕಾರವೇ ಭರವಸೆ ನೀಡಿತ್ತು. ಜಗತ್ತು ಝೈರ್ ಎಂಬ ಹೆಸರನ್ನು ಕೇಳಿದ್ದು ಆಗ.

ಗಣಿಗಳ ವಿಷಯದಲ್ಲಿ ಆತ ಇಟ್ಟ ಮೊದಲ ಹೆಜ್ಜೆ ದೇಶಭಕ್ತನದಂತೆಯೇ ಕಂಡಿತು. 1967ರ ಜನವರಿ 1ರಿಂದ ಯೂನಿಯನ್ ಮಿನಿಯೇರ್‌ನ ಕಾಂಗೋ ಆಸ್ತಿಯೆಲ್ಲ ರಾಷ್ಟ್ರೀಕರಣಗೊಂಡಿತು. ಮುಂದೆ ಜೆಕಾಮೀನ್ಸ್ ಎಂದು ಹೆಸರಾದ ಸರ್ಕಾರಿ ಕಂಪನಿ ಹುಟ್ಟಿತು. ಆದರೆ ಗಣಿ ನಡೆಸುವ ತಂತ್ರಜ್ಞರು, ಅದಿರು ಸಾಗಿಸುವ ಹಡಗು, ಕೊಳ್ಳುವ ಗಿರಾಕಿ ಯಾವುದೂ ಕಾಂಗೋ ಬಳಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಅದೇ ಬೆಲ್ಜಿಯಂ ಬಂಡವಾಳ ಸಮೂಹದ ಇನ್ನೊಂದು ಕಂಪನಿಯೊಂದಿಗೆ ಗಣಿ ನಿರ್ವಹಣೆಗೂ ಮಾರಾಟಕ್ಕೂ ಒಪ್ಪಂದವಾಯಿತು. ತಾಮ್ರ ಮೊದಲಿನಂತೆಯೇ ಶುದ್ಧೀಕರಣಕ್ಕೆ ಬೆಲ್ಜಿಯಂಗೆ ಹೋಗುತ್ತಿತ್ತು. ಫಲಕ ಬದಲಾಯಿತು, ದಾರಿ ಬದಲಾಗಲಿಲ್ಲ. ಹೊಸದಾಗಿ ಸೇರಿಕೊಂಡದ್ದೆಂದರೆ ನಡುವೆ ನಿಂತು ಪಾಲು ಎತ್ತುವ ಅಧ್ಯಕ್ಷರ ಕೈ. ರಫ್ತಿನ ಡಾಲರ್ ದೇಶದ ಕೇಂದ್ರ ಬ್ಯಾಂಕಿಗೆ ಬರುವ ಮೊದಲೇ ಬ್ರಸೆಲ್ಸ್, ಪ್ಯಾರಿಸ್, ಜಿನೀವಾ ಖಾತೆಗಳಲ್ಲಿ ಇಳಿದುಬಿಡುವ ವ್ಯವಸ್ಥೆ ಬೆಳೆಯಿತು. ಜೆಕಾಮೀನ್ಸ್‌ನ 1988ರ ರಫ್ತಿನ ಆದಾಯದಲ್ಲಿ ಸುಮಾರು 40 ಕೋಟಿ ಡಾಲರ್ ಲೆಕ್ಕಕ್ಕೆ ಸಿಗದಿರುವುದನ್ನು ವಿಶ್ವಬ್ಯಾಂಕ್ ಮುಂದೆ ಕಂಡುಹಿಡಿಯಿತು.

1973ರ ನವೆಂಬರ್ 30ರಂದು ಮೊಬುಟು ಇನ್ನೂ ದೊಡ್ಡ ಘೋಷಣೆ ಮಾಡಿದ. ವಿದೇಶಿಯರ ತೋಟ, ಅಂಗಡಿ, ಸಣ್ಣ ಕಾರ್ಖಾನೆಗಳನ್ನು ಝೈರ್ ಪ್ರಜೆಗಳಿಗೆ ವಹಿಸಲಾಗುವುದೆಂದು ಹೇಳಿದ. ಗ್ರೀಕ್, ಪೋರ್ಚುಗೀಸ್, ಭಾರತೀಯ ಮೂಲದ ವರ್ತಕರು ಕಟ್ಟಿದ ವ್ಯಾಪಾರಗಳು ರಾತ್ರೋರಾತ್ರಿ ಕೈಬದಲಾದವು. ಸಿಕ್ಕಿದ್ದು ಯಾರಿಗೆ? ಸಚಿವರಿಗೆ, ಸೇನಾಧಿಕಾರಿಗಳಿಗೆ, ಅವರ ನೆಂಟರಿಷ್ಟರಿಗೆ. ಅತ್ಯಂತ ದೊಡ್ಡ ತೋಟಗಳು ಅಧ್ಯಕ್ಷನ ಪಾಲಾದವು. ಅಂಗಡಿಯಲ್ಲಿದ್ದ ದಾಸ್ತಾನು ಮಾರಿ ಕೈತೊಳೆದುಕೊಂಡವರೇ ಹೆಚ್ಚು. ಮತ್ತೆ ಸರಕು ತುಂಬಿದವರು ಇಲ್ಲ. ಅದೇ ವೇಳೆಗೆ ತಾಮ್ರದ ಬೆಲೆ ಕುಸಿಯಿತು. 1974ರ ಏಪ್ರಿಲ್‌ನಲ್ಲಿ ಪೌಂಡಿಗೆ 1.40 ಡಾಲರ್ ಮೀರಿದ್ದ ಬೆಲೆ ಮರುವರ್ಷ 60 ಸೆಂಟ್‌ಗಿಂತ ಕೆಳಗಿಳಿಯಿತು. ಅಂಗೋಲಾದ ಅಂತರ್ಯುದ್ಧದಿಂದ ಅದಿರು ಸಾಗಿಸುವ ಬೆಂಗೆಲಾ ರೈಲುಮಾರ್ಗ ಮುಚ್ಚಿತು. 1975ರಲ್ಲಿ ಝೈರ್ ಸಾಲದ ಕಂತು ಕಟ್ಟಲಾರದೆ ನಿಂತಿತು. ಕಿತ್ತುಕೊಂಡ ಅಂಗಡಿಗಳನ್ನು ಹಳೆಯ ಒಡೆಯರು ಮರಳಿ ಪಡೆಯಬಹುದೆಂಬ ಪ್ರಕಟಣೆ ಬಂದಿತು, ಬಂದವರು ಕಡಿಮೆ.

ಸಾಲ ಕೊಟ್ಟವರು ಮುಗ್ಧರೇನಲ್ಲ. ತಾಮ್ರದ ಬೆಲೆ ಏರಿದ್ದಾಗ ಪಾಶ್ಚಾತ್ಯ ಬ್ಯಾಂಕುಗಳು ನಾ ಮುಂದು ತಾ ಮುಂದು ಎಂದು ಹಣ ಸುರಿದಿದ್ದವು. ಕಾಂಗೋ ನದಿಯ ಇಂಗಾ ಜಲಪಾತದಿಂದ ಕಟಾಂಗದವರೆಗೆ ಎಳೆದ 1,700 ಕಿಲೋಮೀಟರಿಗೂ ಉದ್ದದ ವಿದ್ಯುತ್ ಮಾರ್ಗ ಅದಕ್ಕೆ ಉತ್ತಮ ನಿದರ್ಶನ. ಅಮೆರಿಕ ಮತ್ತು ಯುರೋಪಿನ ಕಂಪನಿಗಳು ಗುತ್ತಿಗೆ ಪಡೆದವು, ಅವರದೇ ಬ್ಯಾಂಕುಗಳು ಸಾಲ ಕೊಟ್ಟವು. ಕಟಾಂಗದಲ್ಲಿಯೇ ಜಲವಿದ್ಯುತ್ ತಯಾರಿಸುವ ಅವಕಾಶವಿದ್ದರೂ ರಾಜಧಾನಿಯ ಬಳಿಯ ಅಣೆಕಟ್ಟೆಯಿಂದಲೇ ಎಳೆಯಲು ಒಂದು ಕಾರಣವಿತ್ತು: ಪ್ರತ್ಯೇಕತೆಯ ಇತಿಹಾಸವಿರುವ ಪ್ರಾಂತದ ವಿದ್ಯುತ್ ಗುಂಡಿ ಮೊಬುಟುವಿನ ಕೈಯಲ್ಲಿರಬೇಕಿತ್ತು. 1982ರಲ್ಲಿ ಮಾರ್ಗ ಪೂರ್ಣವಾಯಿತು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ದೀಪ ಹತ್ತಲಿಲ್ಲ. ಅಧಿಕ ಒತ್ತಡದ ಆ ನೇರ ವಿದ್ಯುತ್ ಮಾರ್ಗದಿಂದ ನಡುವೆ ವಿದ್ಯುತ್ ತೆಗೆಯುವಂತೆಯೇ ಇರಲಿಲ್ಲ.

1978ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಜರ್ಮನಿಯ ಬ್ಯಾಂಕಿಂಗ್ ತಜ್ಞ ಎರ್ವಿನ್ ಬ್ಲೂಮೆಂಥಾಲ್ ಅವರನ್ನು ಝೈರ್ ಕೇಂದ್ರ ಬ್ಯಾಂಕಿನ ಮೇಲ್ವಿಚಾರಣೆಗೆ ಕಳಿಸಿತು. ಅಧ್ಯಕ್ಷನ ಬಂಧುಗಳ ಖಾತೆಗಳಿಗೆ ಕಡಿವಾಣ ಹಾಕಲು ಯತ್ನಿಸಿದ ಅವರು ಒಂದು ವರ್ಷದಲ್ಲಿಯೇ ಸಾಕಾಗಿ ಹಿಂದಿರುಗಿದರು. ಈ ದೇಶದ ಭ್ರಷ್ಟಾಚಾರದ ವ್ಯವಸ್ಥೆ ಎಷ್ಟು ಆಳವಾದುದೆಂದರೆ ಸಾಲಿಗರಿಗೆ ಹಣ ಮರಳಿ ಬರುವ ಯಾವ ಆಸೆಯೂ ಇಲ್ಲವೆಂದು ಅವರು ಬರೆದ ವರದಿ 1982ರಲ್ಲಿ ಹೊರಬಂದಿತು. ವರದಿಯನ್ನು ಎಲ್ಲರೂ ಓದಿದರು. ಆದರೂ ಸಾಲ ಬರುತ್ತಲೇ ಇತ್ತು, ಹಳೆಯ ಸಾಲದ ಅವಧಿಯನ್ನು ಮತ್ತೆ ಮತ್ತೆ ಮುಂದೂಡಲಾಗುತ್ತಿತ್ತು.

ಏಕೆ? ನೆರೆಯ ಅಂಗೋಲಾದಲ್ಲಿ ಸೋವಿಯತ್ ಬೆಂಬಲದ ಸರ್ಕಾರವಿತ್ತು, ಕ್ಯೂಬಾದ ಸೇನೆಯಿತ್ತು. ಅದರ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರಿಗೆ ಶಸ್ತ್ರ ತಲುಪಿಸಲು ಅಮೆರಿಕಕ್ಕೆ ಝೈರ್ ನೆಲ ಬೇಕಿತ್ತು. 1977 ಮತ್ತು 1978ರಲ್ಲಿ ಅಂಗೋಲಾ ಕಡೆಯಿಂದ ಬಂದ ಕಟಾಂಗ ಬಂಡುಕೋರರು ಗಣಿ ಪ್ರದೇಶಕ್ಕೆ ನುಗ್ಗಿದಾಗ ಮೊಬುಟುವಿನ ಸೇನೆ ಓಡಿತು. ಮೊದಲ ಸಲ ಫ್ರಾನ್ಸ್ ವಿಮಾನಗಳಲ್ಲಿ ಬಂದ ಮೊರಾಕ್ಕೊ ಸೈನಿಕರು, ಎರಡನೆಯ ಸಲ ಕೋಲ್ವೆಝಿ ಪಟ್ಟಣಕ್ಕೆ ಇಳಿದ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಆತನನ್ನು ಉಳಿಸಿದರು. ಮೊಬುಟು ಇಲ್ಲದಿದ್ದರೆ ಅರಾಜಕತೆ ಎಂಬ ಮಾತನ್ನು ಆತ ಬಂಡವಾಳವನ್ನಾಗಿ ಮಾಡಿಕೊಂಡ. ವಾಷಿಂಗ್ಟನ್ ಮುನಿಸಿಕೊಂಡಾಗ ಪ್ಯಾರಿಸ್‌ಗೆ, ಬ್ರಸೆಲ್ಸ್ ಗದರಿಸಿದಾಗ ಬೀಜಿಂಗ್‌ಗೆ ವಿಮಾನ ಹತ್ತುತ್ತಿದ್ದ. 1989ರ ಜೂನ್‌ನಲ್ಲಿ ಹಿರಿಯ ಜಾರ್ಜ್ ಬುಷ್ ಅಧ್ಯಕ್ಷರಾದ ಮೇಲೆ ಶ್ವೇತಭವನ ಪ್ರವೇಶಿಸಿದ ಮೊದಲ ಆಫ್ರಿಕನ್ ನಾಯಕನೂ ಮೊಬುಟುವೇ. ಡೆವ್ಲಿನ್ ವಿಷಯ ಇಲ್ಲಿ ಹೇಳಬೇಕು. ಸಿಐಎ ಬಿಟ್ಟ ಮೇಲೆ ಆತ ಕಾಂಗೋದಲ್ಲಿ ವಜ್ರ ಮತ್ತು ತಾಮ್ರದ ಹಿತಾಸಕ್ತಿಯಿದ್ದ ಅಮೆರಿಕದ ವರ್ತಕ ಮೌರಿಸ್ ಟೆಂಪಲ್ಸ್‌ಮನ್ ಪರವಾಗಿ ಕೆಲಸ ಮಾಡಿದ.

ಕದ್ದ ಹಣವೆಲ್ಲ ಸ್ವಿಸ್ ಬ್ಯಾಂಕಿಗೆ ಹೋಯಿತೆಂದು ತಿಳಿದರೆ ಮೊಬುಟುವಿನ ಆಡಳಿತ ಅರ್ಥವಾಗದು. ಬಹುಪಾಲು ಹಣ ಜನರನ್ನು ಕೊಳ್ಳಲು ವೆಚ್ಚವಾಯಿತು. ನ್ಗುಝಾ ಕಾರ್ಲ್ ಇ ಬಾಂಡ್ ಅವರ ಕಥೆ ಇದಕ್ಕೆ ಸಾಕ್ಷಿ. ವಿದೇಶಾಂಗ ಸಚಿವರಾಗಿದ್ದ ಅವರಿಗೆ 1977ರಲ್ಲಿ ದೇಶದ್ರೋಹದ ಆರೋಪದ ಮೇಲೆ ಮರಣದಂಡನೆ ವಿಧಿಸಲಾಯಿತು. ಸೆರೆಯಲ್ಲಿ ಚಿತ್ರಹಿಂಸೆ ನೀಡಲಾಯಿತು. ನಂತರ ಕ್ಷಮೆ ದೊರೆತು 1980ರಲ್ಲಿ ಅವರೇ ಪ್ರಧಾನಿಯಾದರು. 1981ರಲ್ಲಿ ದೇಶ ತೊರೆದು, ಅಮೆರಿಕ ಕಾಂಗ್ರೆಸ್ ಸಮಿತಿಯ ಎದುರು ಮೊಬುಟುವಿನ ಸಂಪತ್ತಿನ ಗುಟ್ಟು ಬಿಚ್ಚಿಟ್ಟರು. 1985ರಲ್ಲಿ ಸ್ವದೇಶಕ್ಕೆ ಮರಳಿದರು. ಮರುವರ್ಷ ಅದೇ ಅಮೆರಿಕಕ್ಕೆ ಮೊಬುಟುವಿನ ರಾಯಭಾರಿಯಾಗಿ ಹೋದರು. 1991ರಲ್ಲಿ ಮತ್ತೆ ಪ್ರಧಾನಿ. ವಿರೋಧಿಸಿದವನಿಗೂ ಕುರ್ಚಿ ಕಾದಿರುತ್ತದೆ ಎಂಬ ನಂಬಿಕೆ ಹುಟ್ಟಿಸಿದ ಮೇಲೆ ವಿರೋಧಕ್ಕೆ ಬೆಲೆಯೆಲ್ಲಿ? ಸಚಿವ ಸಂಪುಟ ವರ್ಷಕ್ಕೊಮ್ಮೆಯಾದರೂ ಬದಲಾಗುತ್ತಿತ್ತು. ಇದ್ದಷ್ಟು ದಿನ ಬಾಚಿಕೊಳ್ಳುವುದೇ ನಿಯಮವಾಯಿತು. ಕದಿಯುವುದಾದರೆ ಸ್ವಲ್ಪ ಸ್ವಲ್ಪ, ಜಾಣ್ಮೆಯಿಂದ ಕದಿಯಿರಿ ಎಂಬ ಧಾಟಿಯಲ್ಲಿ ಅಧ್ಯಕ್ಷನೇ ಬಹಿರಂಗ ಸಭೆಯಲ್ಲಿ ಬುದ್ಧಿ ಹೇಳಿದ್ದುಂಟು. ಸಂಬಳವಿಲ್ಲದ ಸೈನಿಕ ರಸ್ತೆಗೆ ಅಡ್ಡಗಂಬ ಹಾಕಿ ಕಾಸು ಕಿತ್ತ, ಗುಮಾಸ್ತ ಮುದ್ರೆ ಒತ್ತಲು ಕೈಯೊಡ್ಡಿದ.

ಉಳಿದ ಹಣ ಕಣ್ಣಿಗೆ ಕಾಣುವಂತೆ ಖರ್ಚಾಯಿತು. ಪೂರ್ವಜರ ಊರಾದ ಗ್ಬಾಡೊಲಿಟೆ ಉತ್ತರದ ದಟ್ಟಕಾಡಿನ ನಡುವೆ ಮಣ್ಣಿನ ಗುಡಿಸಲುಗಳ ಕುಗ್ರಾಮವಾಗಿತ್ತು. ಅಲ್ಲಿ ಅಮೃತಶಿಲೆಯ ಅರಮನೆಗಳು, ಐಷಾರಾಮಿ ಹೋಟೆಲ್, ಜಲವಿದ್ಯುತ್ ಕೇಂದ್ರ ಎದ್ದುನಿಂತವು. ಬಾಡಿಗೆಗೆ ತಂದ ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಬಂದಿತು. ಅತಿಥಿಗಳಿಗೆ ಫ್ರಾನ್ಸಿನ ಗುಲಾಬಿ ಬಣ್ಣದ ಶಾಂಪೇನ್ ಹರಿಯುತ್ತಿತ್ತು. ಫ್ರಾನ್ಸಿನ ಕಡಲತೀರದಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ, ಪೋರ್ಚುಗಲ್‌ನಲ್ಲಿ ಬಂಗಲೆಗಳಿದ್ದವು. 2004ರಲ್ಲಿ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಪ್ರಕಟಿಸಿದ ಪಟ್ಟಿಯ ಪ್ರಕಾರ ಆತ ದೋಚಿದ ಮೊತ್ತ ಸುಮಾರು 500 ಕೋಟಿ ಡಾಲರ್. ಸುಹಾರ್ತೊ ಮತ್ತು ಮಾರ್ಕೋಸ್ ನಂತರದ ಸ್ಥಾನ. ಈ ಅಂಕಿ ಅಂದಾಜು ಮಾತ್ರ.

ಬರ್ಲಿನ್ ಗೋಡೆ ಉರುಳಿದ ಮೇಲೆ ಮೊಬುಟುವಿನ ಸರಕಿಗೆ ಗಿರಾಕಿ ಉಳಿಯಲಿಲ್ಲ. 1990ರ ಏಪ್ರಿಲ್ 24ರಂದು ಕಣ್ಣೀರು ತುಂಬಿ ಬಹುಪಕ್ಷ ಪದ್ಧತಿಗೆ ಒಪ್ಪಿಗೆ ಘೋಷಿಸಿದ. ಮೇ ತಿಂಗಳಲ್ಲಿ ಲುಬುಂಬಾಶಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಹತ್ಯೆ ನಡೆಯಿತು. ಬೆಲ್ಜಿಯಂ ನೆರವು ನಿಲ್ಲಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ದೇಶದ ಪ್ರಮುಖ ತಾಮ್ರದ ಗಣಿಯಾದ ಕಮೋಟೊ ಕುಸಿದುಬಿತ್ತು. ವರ್ಷಗಟ್ಟಲೆ ಬಿಡಿಭಾಗ ಕೊಳ್ಳದೆ, ದುರಸ್ತಿ ಮಾಡದೆ ಹಿಂಡಿದ ಗಣಿ ಅದು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 4.7 ಲಕ್ಷ ಟನ್ ತಾಮ್ರ ತೆಗೆಯುತ್ತಿದ್ದ ಜೆಕಾಮೀನ್ಸ್ 1994ರಲ್ಲಿ ತೆಗೆದದ್ದು ಸುಮಾರು 30 ಸಾವಿರ ಟನ್. ಚಿನ್ನದ ಮೊಟ್ಟೆ ಇಡುವ ಕೋಳಿ ಸತ್ತೇ ಹೋಯಿತು.

ಆಮೇಲೆ ನೋಟು ಮುದ್ರಿಸುವುದಷ್ಟೇ ಉಳಿಯಿತು. 1991ರ ಸೆಪ್ಟೆಂಬರ್‌ನಲ್ಲಿ ಸಂಬಳ ಕಾಣದ ಸೈನಿಕರು ಕಿನ್ಶಾಸಾವನ್ನು ಸೂರೆ ಮಾಡಿದರು. 1993ರ ಜನವರಿಯಲ್ಲಿ ಅವರಿಗೆ 50 ಲಕ್ಷ ಝೈರ್ ಮುಖಬೆಲೆಯ ಹೊಸ ನೋಟುಗಳಲ್ಲಿ ಸಂಬಳ ಕೊಡಲಾಯಿತು. ಅಂಗಡಿಯವರು ಆ ನೋಟು ಮುಟ್ಟಲಿಲ್ಲ. ಎರಡನೆಯ ಲೂಟಿಯಲ್ಲಿ ಫ್ರಾನ್ಸಿನ ರಾಯಭಾರಿಯೂ ಗುಂಡಿಗೆ ಬಲಿಯಾದರು. ಅದೇ ವರ್ಷ 30 ಲಕ್ಷ ಹಳೆಯ ಝೈರ್‌ಗೆ ಒಂದರಂತೆ ಹೊಸ ನಾಣ್ಯ ಬಂದಿತು. ಮೊಬುಟು ರಾಜಧಾನಿ ಬಿಟ್ಟು ನದಿಯ ಮೇಲಿನ ಹಡಗಿನಲ್ಲಿ, ಇಲ್ಲವೇ ಗ್ಬಾಡೊಲಿಟೆಯಲ್ಲಿ ಕಾಲ ಕಳೆಯತೊಡಗಿದ.

1994ರಲ್ಲಿ ರುವಾಂಡದ ನರಮೇಧದ ನಂತರ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು, ಅವರೊಂದಿಗೆ ಕೊಲೆಗಡುಕ ಪಡೆಗಳೂ ಪೂರ್ವ ಝೈರ್‌ಗೆ ಬಂದು ನೆಲೆಸಿದರು. 1996ರ ಅಕ್ಟೋಬರ್‌ನಲ್ಲಿ ರುವಾಂಡ, ಉಗಾಂಡಗಳ ಬೆಂಬಲದೊಂದಿಗೆ ಲೊರಾಂ ಕಬಿಲಾ ನೇತೃತ್ವದ ಪಡೆ ದಾಳಿ ಆರಂಭಿಸಿತು. ಕಬಿಲಾ 1960ರ ದಶಕದ ಲುಮುಂಬಾ ಪರ ಬಂಡಾಯಗಾರ. ಚೆ ಗೆವಾರ 1965ರಲ್ಲಿ ಬಂದು ನೋಡಿ ನಿರಾಶರಾಗಿ ಹಿಂದಿರುಗಿದ್ದು ಇವರ ಪಾಳೆಯದಿಂದಲೇ. ಮೊಬುಟು ಆಗ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡ್‌ನಲ್ಲಿದ್ದ. ಸೇನೆ ಕಾದಾಡದೆ ಊರೂರು ಬಿಟ್ಟು ಹಿಮ್ಮೆಟ್ಟಿತು.

ಗಣಿ ಕಂಪನಿಗಳು ಗಾಳಿ ಬೀಸಿದ ದಿಕ್ಕನ್ನು ಬೇಗ ಅರಿತವು. 1997ರ ಏಪ್ರಿಲ್‌ನಲ್ಲಿ ಲುಬುಂಬಾಶಿ ಕಬಿಲಾ ವಶವಾದ ಕೆಲವೇ ದಿನಗಳಲ್ಲಿ ಅಮೆರಿಕನ್ ಮಿನರಲ್ ಫೀಲ್ಡ್ಸ್ ಎಂಬ ಕಂಪನಿ ತಾಮ್ರ, ಕೋಬಾಲ್ಟ್‌ಗಾಗಿ ಸುಮಾರು 100 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿತು. ಕಿನ್ಶಾಸಾದಲ್ಲಿ ಇನ್ನೂ ಮೊಬುಟುವೇ ಅಧ್ಯಕ್ಷ. ಬಂಡಾಯ ನಾಯಕರ ಓಡಾಟಕ್ಕೆ ಅದೇ ಕಂಪನಿಯ ವಿಮಾನ ಒದಗಿತು. ಮೂರು ದಶಕ ಮೊಬುಟುವಿನ ಬಾಗಿಲಲ್ಲಿ ಕಾದು ನಿಂತವರ ಸಾಲು ಹೀಗೆ ಸದ್ದಿಲ್ಲದೆ ಎದುರು ಮನೆಯ ಬಾಗಿಲಿಗೆ ಸರಿಯಿತು.

ಮೇ 4ರಂದು ದಕ್ಷಿಣ ಆಫ್ರಿಕದ ಹಡಗಿನಲ್ಲಿ ನೆಲ್ಸನ್ ಮಂಡೇಲಾ ಇಬ್ಬರನ್ನೂ ಕೂರಿಸಿ ಮಾತನಾಡಿಸಿದರು, ಫಲ ದೊರೆಯಲಿಲ್ಲ. ಮೇ 16ರಂದು ಮೊಬುಟು ಕಿನ್ಶಾಸಾ ತೊರೆದು ಗ್ಬಾಡೊಲಿಟೆ ಸೇರಿದ. ಮರುದಿನ ಬಂಡುಕೋರರು ರಾಜಧಾನಿ ಪ್ರವೇಶಿಸಿದರು. ಕಾಂಕಾರ್ಡ್‌ಗಾಗಿ ಕಟ್ಟಿಸಿದ ರನ್‌ವೇಯಿಂದ ಸರಕು ಸಾಗಣೆ ವಿಮಾನವೊಂದರಲ್ಲಿ ಆತ ಟೋಗೊಗೆ ಪಲಾಯನ ಮಾಡುವಾಗ ಸ್ವಂತ ಸೈನಿಕರೇ ವಿಮಾನದ ಮೇಲೆ ಗುಂಡು ಹಾರಿಸಿದರು. ಕೊನೆಗೆ ಆಶ್ರಯ ಸಿಕ್ಕಿದ್ದು ಮೊರಾಕ್ಕೊದಲ್ಲಿ. 1997ರ ಸೆಪ್ಟೆಂಬರ್ 7ರಂದು ರಬಾತ್ ನಗರದಲ್ಲಿ 66ನೆಯ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿಯ ಕ್ರೈಸ್ತ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಎರಡು ದಿನ ಮೊದಲು ಮದರ್ ತೆರೇಸಾ ನಿಧನರಾಗಿದ್ದರು, ಹಿಂದಿನ ದಿನವಷ್ಟೇ ರಾಜಕುಮಾರಿ ಡಯಾನಾ ಅಂತ್ಯಕ್ರಿಯೆ ನಡೆದಿತ್ತು. ಜಗತ್ತಿನ ಪತ್ರಿಕೆಗಳಲ್ಲಿ ಮೊಬುಟುವಿನ ಸಾವಿಗೆ ಒಳಪುಟದ ಜಾಗ ಸಿಕ್ಕಿದರೆ ಹೆಚ್ಚಾಯಿತು.

ಕಾಂಗೋ ಹೆಸರು ಮರಳಿತು, ಶಾಂತಿ ಮರಳಲಿಲ್ಲ. 1998ರಲ್ಲಿ ಆರಂಭವಾದ ಎರಡನೆಯ ಯುದ್ಧದಲ್ಲಿ ನೆರೆಯ ಸೇನೆಗಳು ನೇರವಾಗಿ ಗಣಿಗಳ ಮೇಲೆ ಕುಳಿತವು. 2001ರಿಂದ 2003ರವರೆಗೆ ವಿಶ್ವಸಂಸ್ಥೆಯ ತಜ್ಞರ ತಂಡ ಈ ಲೂಟಿಯ ಬಗ್ಗೆ ಸರಣಿ ವರದಿಗಳನ್ನೇ ನೀಡಿತು. ಗ್ಬಾಡೊಲಿಟೆಯ ಅರಮನೆಗಳ ಅಮೃತಶಿಲೆ, ಬಾಗಿಲು, ತಂತಿಗಳನ್ನೂ ಜನ ಕಿತ್ತೊಯ್ದರು.

ಸ್ವಿಟ್ಜರ್ಲೆಂಡ್ 1997ರಲ್ಲಿ ಮೊಬುಟುವಿನ ಖಾತೆಗಳನ್ನು ಸ್ತಂಭನಗೊಳಿಸಿದಾಗ ಪತ್ತೆಯಾದದ್ದು ಎಣಿಸಿದ್ದಕ್ಕಿಂತ ತೀರ ಕಡಿಮೆ, ಸುಮಾರು 77 ಲಕ್ಷ ಫ್ರಾಂಕ್. ಅದನ್ನಾದರೂ ಕಾಂಗೋ ಜನರಿಗೆ ಮರಳಿಸಲು ಸ್ವಿಸ್ ಸರ್ಕಾರ 12 ವರ್ಷ ಕಾಯಿತು. ಕಿನ್ಶಾಸಾದ ಹೊಸ ಸರ್ಕಾರ ಅಗತ್ಯವಾದ ಕಾನೂನು ಕ್ರಮವನ್ನು ಸಕಾಲದಲ್ಲಿ ಪೂರೈಸಲಿಲ್ಲ. 2009ರ ಜುಲೈನಲ್ಲಿ ಸ್ವಿಸ್ ನ್ಯಾಯಾಲಯದ ತೀರ್ಪಿನ ನಂತರ ಆ ಹಣವನ್ನು ಮೊಬುಟುವಿನ ವಾರಸುದಾರರಿಗೆ ಬಿಟ್ಟುಕೊಡಲಾಯಿತು.